ಹೊರಗಿನವರು ಅಂದಾಗ ಮಾತ್ರ ಉರಿಯುವುದೇಕೆ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಒಬ್ಬೊಬ್ಬರ ವಿಷಯದಲ್ಲಿ ಸರಿ. ದೇಶದ ವಿಷಯಕ್ಕೆ ಬಂದರೆ ಅದು ಅರ್ಧ ಮಾತ್ರ ಹೊಂದುತ್ತದೆ. ಅಲ್ಲಿ ತಪ್ಪು ಮಾಡಿದವನಷ್ಟೇ ಅಲ್ಲ, ಆ ತಪ್ಪಿನ ವಿರುದ್ಧ ವರ್ಷಗಟ್ಟಲೆ ಬಡಿದಾಡಿದವನೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ತನ್ನ ಸರ್ಕಾರವನ್ನು, ತನ್ನ ಜನರ ಗುಣವನ್ನು ಬೈದುಕೊಂಡೇ ಇರುವವನು, ಅದೇ ಮಾತನ್ನು ಪರದೇಶದವನೊಬ್ಬ ಆಡಿದ ಕೂಡಲೇ ತೋಳೇರಿಸುತ್ತಾನೆ. ಮಾತು ಅದೇ, ಆಡಿದ ಬಾಯಿ ಬೇರೆ.

ಇದನ್ನು ಅಳೆದು ನೋಡಿದವರಿದ್ದಾರೆ. ಆಸ್ಟ್ರೇಲಿಯಾದ ಮನೋವಿಜ್ಞಾನಿ ಮ್ಯಾಥ್ಯೂ ಹಾರ್ನ್ಸಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗಗಳು ಸರಳವಾಗಿದ್ದವು. ಒಂದು ಗುಂಪಿನ ಬಗ್ಗೆ ಬರೆದ ಅದೇ ಟೀಕೆಯನ್ನು ಆ ಗುಂಪಿನವರಿಗೇ ಓದಲು ಕೊಟ್ಟರು. ಅರ್ಧ ಜನರಿಗೆ ಅದನ್ನು ಆಡಿದವರು ನಿಮ್ಮವರೇ ಎಂದರು, ಉಳಿದರ್ಧಕ್ಕೆ ಹೊರಗಿನವರು ಎಂದರು. ಒಂದಕ್ಷರ ಬದಲಾಗದ ಆ ಮಾತು ಹೊರಗಿನವರ ಬಾಯಲ್ಲಿ ಹೆಚ್ಚು ನೋಯಿಸಿತು, ಕಡಿಮೆ ನಿಜವೆನಿಸಿತು. 2004ರಲ್ಲಿ ಹಾರ್ನ್ಸಿ ಮತ್ತು ಅರ್ಮಿನ್ ಇಮಾನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೊರಗಿನವನಿಗೆ ಆ ದೇಶದ ಒಳ್ಳೆಯ ಪರಿಚಯವಿದ್ದರೆ ಕಥೆ ಬದಲಾಗುತ್ತದೆಯೇ ಎಂದು ನೋಡಿದರು. ಬದಲಾಗಲಿಲ್ಲ. ‘ನಾನು ಇಲ್ಲೇ ಎಷ್ಟೋ ವರ್ಷ ಇದ್ದವನು’ ಎನ್ನುವ ಅರ್ಹತಾಪತ್ರ ಯಾರನ್ನೂ ತಣಿಸಲಿಲ್ಲ. ಜನ ತೂಗುತ್ತಿದ್ದುದು ಆಡಿದವನ ತಿಳಿವಳಿಕೆಯನ್ನಲ್ಲ, ಅವನ ಉದ್ದೇಶವನ್ನು: ಇವನಿಗೆ ನಾವು ಸುಧಾರಿಸಬೇಕು ಅಂತಿದೆಯೋ, ನಮ್ಮನ್ನು ಕೆಳಗಿಡಬೇಕು ಅಂತಿದೆಯೋ?

ಪ್ರಶ್ನೆ ನ್ಯಾಯವಾದದ್ದೇ. ತೊಡಕು ಏನೆಂದರೆ ಉದ್ದೇಶ ಕಣ್ಣಿಗೆ ಕಾಣುವುದಿಲ್ಲ, ಪಾಸ್‌ಪೋರ್ಟ್ ಕಾಣುತ್ತದೆ. ಕಾಣುವುದರಿಂದ ಕಾಣದ್ದನ್ನು ಊಹಿಸುತ್ತೇವೆ.

ಇನ್ನೊಂದು ಅಂಶವಿದೆ, ನನಗೆ ಅದೇ ಮುಖ್ಯ ಎನಿಸುತ್ತದೆ. ಹೊರಗಿನವನ ಟೀಕೆಗೆ ಯಾವಾಗಲೂ ಮೂರನೆಯವರೊಬ್ಬರು ಇರುತ್ತಾರೆ: ಕೇಳಿಸಿಕೊಳ್ಳುತ್ತಿರುವ ಜಗತ್ತು. ನಮ್ಮವನು ಬೈದರೆ ಅದು ಮನೆಯೊಳಗಿನ ಜಗಳ. ಪರಕೀಯ ಬೈದರೆ ಅದೇ ಜಗಳ ಬೀದಿಗೆ ಬಂತು. ಗ್ರೀಸ್‌ನಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಮೈಕೆಲ್ ಹರ್ಜ್‌ಫೆಲ್ಡ್ 1997ರಲ್ಲಿ ಇದನ್ನು ಚೆನ್ನಾಗಿ ಹಿಡಿದಿಟ್ಟರು. ಒಂದು ಜನಾಂಗವನ್ನು ಒಳಗೊಳಗೇ ಹೆಣೆದಿಡುವುದು ಅದರ ಹೆಮ್ಮೆಯ ಸಂಗತಿಗಳು ಮಾತ್ರವಲ್ಲ. ಹೊರಗಿನವರೆದುರು ಮುಜುಗರ ತರುವ, ಒಳಗಿನವರು ಮಾತ್ರ ಕಣ್ಣು ಮಿಟುಕಿಸಿ ನಗುವ ಸಣ್ಣತನಗಳೂ ಕೂಡ. ಆ ನಗುವಿನೊಳಗೆ ಹೊರಗಿನವನು ಕಾಲಿಟ್ಟರೆ ನಗು ನಿಂತುಹೋಗುತ್ತದೆ.

ಹಾಗಾಗಿ ನೋವು ಹುಟ್ಟುವುದು ಕೇಳುಗರಿಂದ; ದುರಸ್ತಿ ಬೇಕಾಗಿರುವುದು ಹೇಳಿದ ಸಂಗತಿಗೆ. ಎರಡೂ ಬೇರೆ ಬೇರೆ ಕೆಲಸ. ರಾಷ್ಟ್ರಾಭಿಮಾನ ಎಡವುವುದು ಇಲ್ಲಿಯೇ: ಇರುವ ಶಕ್ತಿಯನ್ನೆಲ್ಲ ಕೇಳುಗರ ಮುಂದೆ ಮಾನ ಉಳಿಸಿಕೊಳ್ಳುವುದಕ್ಕೆ ಸುರಿದು, ಸಂಗತಿಯನ್ನು ಇದ್ದಲ್ಲೇ ಬಿಟ್ಟುಬಿಡುತ್ತದೆ.

ಇವೆರಡನ್ನೂ ಬೇರ್ಪಡಿಸಿದ ಒಂದು ಅಪರೂಪದ ಉದಾಹರಣೆ 1927ರದ್ದು. ಅಮೆರಿಕದ ಪತ್ರಕರ್ತೆ ಕ್ಯಾಥರೀನ್ ಮೇಯೋ ಆ ವರ್ಷ ‘ಮದರ್ ಇಂಡಿಯಾ’ ಎಂಬ ಪುಸ್ತಕ ಬರೆದಳು. ಬಾಲ್ಯವಿವಾಹ, ಎಳೆಯ ವಯಸ್ಸಿನ ಹೆರಿಗೆ, ಅಸ್ಪೃಶ್ಯತೆ, ಕೊಳಕು – ಇವೆಲ್ಲ ಅದರಲ್ಲಿ ಇದ್ದವು. ಇಂಥ ಜನ ಸ್ವರಾಜ್ಯಕ್ಕೆ ಯೋಗ್ಯರಲ್ಲ ಎಂಬ ತೀರ್ಮಾನವೂ ಇತ್ತು. ಭಾರತದಲ್ಲಿ ಪುಸ್ತಕ ಸುಟ್ಟರು, ಖಂಡನಾ ಸಭೆ ನಡೆಸಿದರು, ಉತ್ತರವಾಗಿ ಪುಸ್ತಕಗಳನ್ನೇ ಬರೆದರು. ಲಾಲಾ ಲಜಪತ್ ರಾಯ್ ಅವರದು 1928ರಲ್ಲಿ ಬಂತು. ಗಾಂಧೀಜಿ 1927ರ ಸೆಪ್ಟೆಂಬರ್‌ನಲ್ಲೇ ತಮ್ಮ ಪತ್ರಿಕೆ ‘ಯಂಗ್ ಇಂಡಿಯಾ’ದಲ್ಲಿ ಬರೆದ ವಿಮರ್ಶೆಯಲ್ಲಿ ಇದನ್ನು ಚರಂಡಿ ಇನ್‌ಸ್ಪೆಕ್ಟರ್‌ನ ವರದಿ ಎಂದು ಕರೆದದ್ದು ಎಲ್ಲರಿಗೂ ಗೊತ್ತು. ಅದೇ ಲೇಖನದ ಇನ್ನರ್ಧ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಇಂಗ್ಲಿಷರು, ಅಮೆರಿಕನ್ನರು ಓದಬೇಕಾದ ಪುಸ್ತಕ ಇದಲ್ಲ, ಅವರಿಗೆ ಇದರಿಂದ ಒಳಿತಾಗದು. ಆದರೆ ಪ್ರತಿಯೊಬ್ಬ ಭಾರತೀಯನೂ ಓದಿ ಒಂದಿಷ್ಟು ಪ್ರಯೋಜನ ಪಡೆಯಬಹುದು, ಆಕೆ ಆರೋಪ ಕಟ್ಟಿದ ರೀತಿಯನ್ನು ತಿರಸ್ಕರಿಸೋಣ, ಅದರಡಿಯ ಹುರುಳನ್ನು ತಿರಸ್ಕರಿಸುವಂತಿಲ್ಲ ಎಂದಿದ್ದರು. ಪುಸ್ತಕ ಒಂದೇ, ಕೇಳುಗರು ಎರಡು ಗುಂಪು, ಒಂದೊಂದು ಗುಂಪಿಗೆ ಒಂದೊಂದು ತೀರ್ಪು. ಇಬ್ಬಗೆಯ ನಾಲಗೆಯಂತೆ ಕಾಣುತ್ತದೆ. ನೋಡಿದರೆ ಅಷ್ಟು ಪ್ರಾಮಾಣಿಕವಾದ ಉತ್ತರ ಇನ್ನೊಂದಿಲ್ಲ.

ಇಂಥ ಟೀಕೆಯನ್ನು ಕೈಗೆತ್ತಿಕೊಂಡರೆ ಅದನ್ನು ಇಡಿಯಾಗಿ ನುಂಗಲೂ ಬಾರದು, ಇಡಿಯಾಗಿ ಉಗುಳಲೂ ಬಾರದು. ಬಿಚ್ಚಬೇಕು. ಬಿಚ್ಚಿದರೆ ಐದು ಭಾಗ ಸಿಗುತ್ತವೆ. ಮೊದಲನೆಯದು ಸಂಗತಿ: ಏನು ನಡೆಯುತ್ತಿದೆ ಎಂದು ಹೇಳುತ್ತಿದ್ದಾರೆ? ಎರಡನೆಯದು ಅಳತೆ: ಎಷ್ಟು, ಯಾವ ವರ್ಷದ ಲೆಕ್ಕ, ಯಾರನ್ನು ಎಣಿಸಿ? ಮೂರನೆಯದು ಹರವು: ‘ಕೆಲವರು’ ಎಂಬುದು ಯಾವ ವಾಕ್ಯದಲ್ಲಿ ‘ಅವರೆಲ್ಲ’ ಆಯಿತು? ನಾಲ್ಕನೆಯದು ಕಾರಣ: ಇದಕ್ಕೆ ಬಡತನ, ಕಾನೂನು, ಆಡಳಿತ ಕಾರಣ ಎನ್ನುತ್ತಾರೋ ಅಥವಾ ಆ ಜನರ ಸ್ವಭಾವವೇ ಅಂಥದ್ದು ಎನ್ನುತ್ತಾರೋ? ಐದನೆಯದು ಬಳಕೆ: ಇದನ್ನು ಹೇಳಿ ಯಾವ ತೀರ್ಮಾನಕ್ಕೆ ಬರುತ್ತಾರೆ, ಆ ತೀರ್ಮಾನದಿಂದ ಯಾರಿಗೆ ಲಾಭ?

ಮೇಯೋಳ ಪುಸ್ತಕವನ್ನು ಈ ಐದರಲ್ಲಿ ಹಾಯಿಸಿ ನೋಡಿ. ಸಂಗತಿ ನಿಜ, ಎಳೆಯ ಹುಡುಗಿಯರ ಮದುವೆ ನಡೆಯುತ್ತಿತ್ತು, ಅವರು ಹೆರಿಗೆಯಲ್ಲಿ ಸಾಯುತ್ತಿದ್ದರು. ಅಳತೆ ಮತ್ತು ಹರವು ಕೆಟ್ಟದ್ದು: ಆಸ್ಪತ್ರೆಗೆ ಬಂದ ಅತಿ ಘೋರ ಪ್ರಕರಣಗಳನ್ನು ಇಡೀ ಸಮಾಜದ ದಿನಚರಿ ಎಂಬಂತೆ ಹರಡಿದ್ದಳು. ಕಾರಣ ಅದಕ್ಕಿಂತ ಕೆಟ್ಟದ್ದು: ಎಲ್ಲವೂ ಹಿಂದೂಗಳ ಕಾಮ ಮತ್ತು ಧರ್ಮದ ತಪ್ಪು, ಆಳುತ್ತಿದ್ದ ಸಾಮ್ರಾಜ್ಯದ್ದು ಏನೂ ಇಲ್ಲ. ಬಳಕೆ ಎಲ್ಲಕ್ಕಿಂತ ಕೆಟ್ಟದ್ದು: ಬ್ರಿಟಿಷ್ ಆಳ್ವಿಕೆ ಮುಂದುವರಿಯಬೇಕು. ಐದರಲ್ಲಿ ಒಂದು ನಿಜ, ನಾಲ್ಕು ಕೊಳೆತದ್ದು. ಕೊಳೆತ ನಾಲ್ಕನ್ನು ತೋರಿಸಿ ನಿಜವಾದ ಒಂದನ್ನೂ ತಿಪ್ಪೆಗೆ ಎಸೆಯುವುದು ಅಭಿಮಾನಿಗೆ ಬಲು ಸುಲಭ. ಟೀಕಾಕಾರನ ಕಡೆಯವರು ಇದಕ್ಕೆ ತದ್ವಿರುದ್ಧ ಮಾಡುತ್ತಾರೆ: ಸಂಗತಿ ನಿಜವಾದ್ದರಿಂದ ಉಳಿದ ನಾಲ್ಕೂ ನಿಜ ಎಂದು ಸಾಗಹಾಕುತ್ತಾರೆ.

ಆಗ ಆದದ್ದೇನು? ಹರ್‌ಬಿಲಾಸ್ ಸಾರ್ದಾ ಬಾಲ್ಯವಿವಾಹ ತಡೆಯ ಮಸೂದೆಯನ್ನು 1927ರಲ್ಲೇ ಕೇಂದ್ರ ಶಾಸನಸಭೆಗೆ ತಂದಿದ್ದರು. ಪುಸ್ತಕದ ಗದ್ದಲ ಎದ್ದ ಮೇಲೆ, ಮೇಯೋಳನ್ನು ಖಂಡಿಸುತ್ತಿದ್ದ ಮಹಿಳಾ ಸಂಘಟನೆಗಳೇ ಆ ಮಸೂದೆಯ ಬೆನ್ನಿಗೆ ನಿಂತವು. ಆಕೆಯ ನಾಲ್ಕು ಸುಳ್ಳಿಗೆ ಉತ್ತರ ಕೊಡಬೇಕಾದರೆ ಒಂದು ನಿಜವನ್ನು ಸರಿಪಡಿಸಿ ತೋರಿಸಬೇಕಿತ್ತು. 1929ರಲ್ಲಿ ಕಾಯ್ದೆಯಾಯಿತು, 1930ರ ಏಪ್ರಿಲ್ 1ರಿಂದ ಜಾರಿಗೆ ಬಂತು: ಹುಡುಗಿಗೆ 14, ಹುಡುಗನಿಗೆ 18. ಕಾಯ್ದೆ ಕಾಗದದಾಚೆ ಎಷ್ಟು ದೂರ ಹೋಯಿತು ಎನ್ನುವುದು ಬೇರೆ, ಅಷ್ಟೇನೂ ಉತ್ಸಾಹ ತರದ ಕಥೆ.

ಬಿಚ್ಚಿದ ಮೇಲೆ ಮಾಡಬೇಕಾದ ಇನ್ನೊಂದು ಕೆಲಸ ಹುಡುಕಾಟ: ಈ ಸಂಗತಿಯನ್ನು ಒಳಗಿನವರು ಯಾರಾದರೂ ಮೊದಲೇ ಹೇಳಿದ್ದಾರೆಯೇ? ಬಹುತೇಕ ಹೇಳಿರುತ್ತಾರೆ, ಹೆಚ್ಚು ಕರಾರುವಾಕ್ಕಾಗಿ, ಹೆಚ್ಚು ಕಹಿಯಾಗಿ, ಯಾವುದೋ ಸಮಿತಿಯ ವರದಿಯಲ್ಲಿ, ನ್ಯಾಯಾಲಯದ ಕಡತದಲ್ಲಿ, ಪ್ರಾದೇಶಿಕ ಪತ್ರಿಕೆಯ ಒಳಪುಟದಲ್ಲಿ. ಸಿಕ್ಕರೆ ಹೊರಗಿನವನಿಗೆ ಕೊಡುವ ಅತ್ಯಂತ ಘನತೆಯ ಉತ್ತರವೂ ಅದೇ: ನೀನು ಹೇಳುವ ಮೊದಲೇ ಇದನ್ನು ನಮ್ಮವರು ಹೇಳಿದ್ದಾರೆ, ನಿನ್ನದಕ್ಕಿಂತ ಚೆನ್ನಾಗಿ. ಅಭಿಮಾನಕ್ಕೂ ಧಕ್ಕೆಯಿಲ್ಲ, ಸಂಗತಿಗೂ ಮೋಸವಿಲ್ಲ. ಆದರೆ ಹಾಗೆ ಹೇಳಬೇಕಾದರೆ ಆ ಒಳಗಿನವನನ್ನು ಅಷ್ಟು ದಿನ ದ್ರೋಹಿ ಎಂದು ಕರೆದಿರಬಾರದು.

ಕರೆಯುವುದೇ ರೂಢಿ. ಹೊರಗಿನ ಟೀಕೆಗೆ ದೇಶ ಮೈಯೆಲ್ಲ ಮುಳ್ಳಾದಾಗ ಪೆಟ್ಟು ಬೀಳುವುದು ಹೊರಗಿನವನಿಗಲ್ಲ. ಅವನು ವಿಮಾನ ಹತ್ತಿ ಹೋಗಿರುತ್ತಾನೆ. ಬೀಳುವುದು ಒಳಗಿದ್ದುಕೊಂಡು ಅದೇ ಮಾತಾಡುವವನಿಗೆ, ಅದರಲ್ಲೂ ಹೊರಗಿನವರ ಕಿವಿಗೆ ಬೀಳುವಂತೆ ಆಡಿದವನಿಗೆ. ಟರ್ಕಿಯ ಕಾದಂಬರಿಕಾರ ಒರ್ಹಾನ್ ಪಾಮುಕ್ 2005ರಲ್ಲಿ ಸ್ವಿಸ್ ಪತ್ರಿಕೆಯೊಂದಕ್ಕೆ ಅರ್ಮೇನಿಯನ್ನರ ಮತ್ತು ಕುರ್ದರ ಹತ್ಯೆಗಳ ಬಗ್ಗೆ ಮಾತಾಡಿದಾಗ, ಟರ್ಕಿಯಲ್ಲಿ 301ನೆಯ ಕಲಮಿನಡಿ ‘ಟರ್ಕಿತನಕ್ಕೆ ಅವಮಾನ’ ಎಂಬ ಮೊಕದ್ದಮೆ ಬಿತ್ತು. 2006ರ ಜನವರಿಯಲ್ಲಿ ಅದನ್ನು ಕೈಬಿಟ್ಟರು. ಅದೇ ವರ್ಷ ಅವರಿಗೆ ನೊಬೆಲ್ ಬಂತು. ಆಡಿದ್ದು ಪರದೇಶದ ಪತ್ರಿಕೆಯಲ್ಲಿ ಎಂಬುದು ಸಿಟ್ಟಿಗೆ ಇನ್ನಷ್ಟು ತುಪ್ಪ ಸುರಿದಿತ್ತು.

ಇದು ದುರ್ಬಲ ದೇಶಗಳ ಕಾಯಿಲೆ, ಬಲಿಷ್ಠರಿಗೆ ತಟ್ಟದು ಎಂದುಕೊಂಡರೆ ತಪ್ಪು. ಅಮೆರಿಕ ಸರ್ಕಾರ ಗಾಯಕ ಪಾಲ್ ರಾಬ್ಸನ್ ಅವರ ಪಾಸ್‌ಪೋರ್ಟನ್ನು 1950ರಲ್ಲಿ ಕಿತ್ತುಕೊಂಡಿತು. ಕಪ್ಪುಜನರನ್ನು ಅಮೆರಿಕ ನಡೆಸಿಕೊಳ್ಳುವ ರೀತಿಯನ್ನು ಅವರು ಪರದೇಶಗಳಲ್ಲಿ ಟೀಕಿಸುತ್ತಾರೆ ಎಂಬುದು ವಿದೇಶಾಂಗ ಇಲಾಖೆ ಮುಂದಿಟ್ಟ ಕಾರಣಗಳಲ್ಲಿ ಒಂದು. ಪಾಸ್‌ಪೋರ್ಟ್ ಮರಳಿ ಸಿಕ್ಕಿದ್ದು 1958ರಲ್ಲಿ. ಈ ನಡುವೆ, 1952ರ ಡಿಸೆಂಬರ್‌ನಲ್ಲಿ, ಶಾಲೆಗಳಲ್ಲಿ ಬಣ್ಣಭೇದದ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದಿದ್ದಾಗ ಅದೇ ಸರ್ಕಾರದ ನ್ಯಾಯ ಇಲಾಖೆ ಒಂದು ಹೇಳಿಕೆ ಸಲ್ಲಿಸಿತು: ವರ್ಣಭೇದದಿಂದ ಹೊರದೇಶಗಳಲ್ಲಿ ನಮ್ಮ ಹೆಸರು ಕೆಡುತ್ತಿದೆ, ಕಮ್ಯುನಿಸ್ಟ್ ಪ್ರಚಾರಕ್ಕೆ ಇದು ಮೇವಾಗಿದೆ, ಆದ್ದರಿಂದ ನಿಲ್ಲಬೇಕು. 1954ರಲ್ಲಿ, ಶಾಲೆಗಳಲ್ಲಿ ಬಣ್ಣಭೇದ ಸಲ್ಲದು ಎಂಬ ತೀರ್ಪು ಬಂತು. ಸರ್ಕಾರದ ಬಾನುಲಿ ವಾಯ್ಸ್ ಆಫ್ ಅಮೆರಿಕ ಅದನ್ನು ತಡಮಾಡದೆ ಲೋಕಕ್ಕೆಲ್ಲ ಬಿತ್ತರಿಸಿತು. ಒಂದು ಕೈ ಹೊರಗಿನವರ ಕಿವಿಗೆ ಬೀಳದಂತೆ ಬಾಯಿ ಮುಚ್ಚಿಸುತ್ತಿತ್ತು, ಇನ್ನೊಂದು ಕೈ ಹೊರಗಿನವರು ಏನಂದಾರು ಎಂದು ಹೇಳಿ ಕಾನೂನು ಬದಲಿಸಲು ಕೇಳುತ್ತಿತ್ತು. ಹೊರಗಿನವರ ಕಣ್ಣಿಗೆ ಬೆಲೆಯಿಲ್ಲ ಎನ್ನುವ ಸರ್ಕಾರವನ್ನು ಹಾಗಾಗಿ ನಂಬಬೇಡಿ. ಬೆಲೆ ಇಲ್ಲದಿದ್ದರೆ ಅದು ಪಾಸ್‌ಪೋರ್ಟಿನ ತಂಟೆಗೆ ಹೋಗುತ್ತಿರಲಿಲ್ಲ.

ಆ ದಿನಗಳಲ್ಲಿ ಸೋವಿಯತ್ ಪಕ್ಷಕ್ಕೆ ಒಂದು ಸಿದ್ಧ ಉತ್ತರವಿತ್ತು. ತನ್ನ ಸೆರೆಶಿಬಿರಗಳ ಮಾತು ಬಂದರೆ, ‘ನಿಮ್ಮಲ್ಲಿ ಕರಿಯರನ್ನು ಗುಂಪುಗೂಡಿ ಕೊಲ್ಲುತ್ತಾರಲ್ಲ’ ಎನ್ನುವುದು. ರಷ್ಯನ್ ಭಾಷೆಯಲ್ಲಿ ಅದು ನಗೆಮಾತಾಗಿಯೇ ಉಳಿದಿದೆ. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪರರ ಎಲೆಯ ನೊಣ ಹುಡುಕುವ ಈ ಚಾಳಿಯಲ್ಲಿ ತಮಾಷೆಯೆಂದರೆ, ಹುಡುಕಿದ ನೊಣ ಸುಳ್ಳಲ್ಲ. ಅಮೆರಿಕದಲ್ಲಿ ಅದು ನೊಣವೂ ಆಗಿರಲಿಲ್ಲ, ಇನ್ನೊಂದು ಕತ್ತೆ. ‘ನೀವೇನು ಕಮ್ಮಿ’ ಎನ್ನುವುದು ಎಲ್ಲ ಸಲವೂ ಅಡ್ಡಮಾತಲ್ಲ. ಟೀಕಿಸುವವನು ನ್ಯಾಯಾಧೀಶನ ಪೀಠವನ್ನೇ ಏರಿ ಕುಳಿತಿದ್ದರೆ, ಅವನ ಕೈಯೂ ಅದೇ ಕೊಳೆಯಲ್ಲಿದೆ ಎಂದು ತೋರಿಸುವುದು ಸರಿ, ಪೀಠದಿಂದ ಇಳಿಯುತ್ತಾನೆ. ಆದರೆ ಅದರಿಂದ ಮೊಕದ್ದಮೆ ವಜಾ ಆಗುವುದಿಲ್ಲ. ಉತ್ತರದಲ್ಲಿ ‘ನೀವೇನು ಕಮ್ಮಿ’ ಎಂಬುದು ಮೊದಲ ವಾಕ್ಯವಾಗಿದ್ದರೆ ಅನುಮಾನಪಡಬೇಕು, ಸಂಗತಿಗೆ ಉತ್ತರ ಕೊಟ್ಟ ಮೇಲೆ ಕೊನೆಯ ವಾಕ್ಯವಾಗಿ ಬಂದರೆ ಒಪ್ಪಬಹುದು.

ಈಚೆಗೆ ಹೊರಗಿನವರ ಟೀಕೆ ಪ್ರವಾಸಕಥನವಾಗಿ ಬರುವುದು ಕಡಿಮೆ, ಸೂಚ್ಯಂಕವಾಗಿ ಬರುವುದು ಹೆಚ್ಚು. ಹಸಿವು, ಭ್ರಷ್ಟಾಚಾರ, ಪತ್ರಿಕಾ ಸ್ವಾತಂತ್ರ್ಯ – ಎಲ್ಲಕ್ಕೂ ಒಂದು ಸ್ಥಾನ. ಸ್ಥಾನ ಏರಿದರೆ ಸರ್ಕಾರದ ಪ್ರಕಟಣೆ, ಇಳಿದರೆ ‘ಇವರ ವಿಧಾನವೇ ಸರಿಯಿಲ್ಲ’. ವಿಧಾನವನ್ನು ನೋಡಲೇಬೇಕು, ಆದರೆ ಎರಡೂ ಸಲ. ಮೊದಲು ಸ್ಥಾನವನ್ನು ಬದಿಗಿಟ್ಟು ಅಂಕ ನೋಡಿ. ಹೊಸ ದೇಶಗಳು ಪಟ್ಟಿಗೆ ಸೇರಿದರೆ ಏನೂ ಮಾಡದೆಯೂ ಸ್ಥಾನ ಬದಲಾಗುತ್ತದೆ. ಆಮೇಲೆ ಅಂಕ ಯಾವುದರಿಂದ ಕೂಡಿದ್ದು ನೋಡಿ. ಜಾಗತಿಕ ಹಸಿವು ಸೂಚ್ಯಂಕದಲ್ಲಿ ನಾಲ್ಕು ಅಂಶಗಳಿವೆ: ಆಹಾರದ ಕೊರತೆಯಿರುವ ಜನರ ಪ್ರಮಾಣ ಮತ್ತು ಐದು ವರ್ಷದೊಳಗಿನ ಮಕ್ಕಳ ಸಾವು, ಇವಕ್ಕೆ ತಲಾ ಮೂರರಲ್ಲೊಂದು ಪಾಲು ತೂಕ; ಮಕ್ಕಳ ಕುಂಠಿತ ಬೆಳವಣಿಗೆ ಮತ್ತು ಎತ್ತರಕ್ಕೆ ತಕ್ಕ ತೂಕವಿಲ್ಲದಿರುವುದು, ಇವಕ್ಕೆ ತಲಾ ಆರರಲ್ಲೊಂದು. ಅಂದರೆ ಮೂರನೇ ಎರಡು ಪಾಲು ಐದು ವರ್ಷದೊಳಗಿನ ಮಕ್ಕಳ ಸ್ಥಿತಿ. ‘ಇದು ಹಸಿವನ್ನು ಅಳೆಯುವುದಿಲ್ಲ’ ಎಂಬ ಆಕ್ಷೇಪಕ್ಕೆ ಇಲ್ಲಿ ಸ್ವಲ್ಪ ಆಧಾರವಿದೆ. ‘ಹಾಗಾದರೆ ಚಿಂತೆಯಿಲ್ಲ’ ಎನ್ನುವುದಕ್ಕೆ ಒಂದಿಷ್ಟೂ ಇಲ್ಲ. ಭ್ರಷ್ಟಾಚಾರದ ಪ್ರಸಿದ್ಧ ಸೂಚ್ಯಂಕ ‘ಕರಪ್ಷನ್ ಪರ್ಸೆಪ್ಷನ್ಸ್ ಇಂಡೆಕ್ಸ್’ (ಭ್ರಷ್ಟಾಚಾರ ಅನಿಸಿಕೆ ಸೂಚ್ಯಂಕ) ಅಳೆಯುವುದು ಲಂಚವನ್ನಲ್ಲ, ಸರ್ಕಾರಿ ವಲಯದ ಭ್ರಷ್ಟತೆಯ ಬಗ್ಗೆ ತಜ್ಞರ ಮತ್ತು ಉದ್ಯಮಿಗಳ ಅನಿಸಿಕೆಯನ್ನು. ಅದರ ಹೆಸರಿನಲ್ಲೇ ಅದು ಇದೆ. 2012ರಲ್ಲಿ ವಿಧಾನ ಬದಲಾಯಿತು, ಹಾಗಾಗಿ ಅದಕ್ಕಿಂತ ಹಿಂದಿನ ಅಂಕದ ಜತೆ ಇಂದಿನದನ್ನು ಹೋಲಿಸುವವರ ಮಾತನ್ನು ಅಲ್ಲಿಗೇ ಬಿಡಬಹುದು.

ಹೊಗಳಿಕೆಯನ್ನೂ ಹೀಗೆಯೇ ಜರಡಿ ಹಿಡಿಯಬೇಕು ಎನ್ನುವುದಕ್ಕೆ ವಿಶ್ವಬ್ಯಾಂಕಿನ ಉದ್ಯಮಸ್ನೇಹಿ ಪಟ್ಟಿಯೇ ಸಾಕ್ಷಿ. 2018 ಮತ್ತು 2020ರ ವರದಿಗಳಲ್ಲಿ ಚೀನಾ, ಸೌದಿ ಅರೇಬಿಯಾ, ಯುಎಇ, ಅಜರ್‌ಬೈಜಾನ್ ದೇಶಗಳ ಅಂಕಿಗಳಲ್ಲಿ ಅಕ್ರಮ ಕಂಡುಬಂದು 2021ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕು ಆ ವರದಿಯನ್ನೇ ನಿಲ್ಲಿಸಿತು. ಅದರಲ್ಲಿ ಮೇಲೇರಿದ್ದಕ್ಕೆ ಬೀಗಿದ ಸರ್ಕಾರಗಳು ಎಷ್ಟೋ. ಹೊಗಳಿಕೆಯ ಹಸಿವೂ ಟೀಕೆಯ ಅಲರ್ಜಿಯೂ ಒಂದೇ ಬೇರಿನವು. ಫ್ರೆಂಚ್ ಚಿಂತಕ ಅಲೆಕ್ಸಿ ಡಿ ಟಾಕ್ವಿಲ್ 1830ರ ದಶಕದಲ್ಲೇ ಅಮೆರಿಕನ್ನರ ಈ ಸಿಡುಕು ದೇಶಾಭಿಮಾನವನ್ನು ಕಂಡು ಬೇಸತ್ತಿದ್ದ: ಹೊಗಳು ಹೊಗಳು ಎಂದು ಬೆನ್ನು ಹತ್ತುತ್ತಾರೆ, ಹೊಗಳದಿದ್ದರೆ ತಾವೇ ಹೊಗಳಿಕೊಳ್ಳುತ್ತಾರೆ, ಒಂದೆರಡು ತಪ್ಪು ಹೇಳುತ್ತೇನೆಂದರೆ ಮಾತ್ರ ಅಪ್ಪಣೆಯಿಲ್ಲ. ಎಲ್ಲ ಅಭಿಮಾನವೂ ಇಂಥದ್ದಲ್ಲ. ನಾಡಿನ ಮೇಲಿನ ಪ್ರೀತಿ ಬೇರೆ, ನಮ್ಮದೇ ಮೇಲು ಎಂಬ ಹಟ ಬೇರೆ ಎಂದು ಮನೋವಿಜ್ಞಾನಿಗಳಾದ ಕಾಸ್ಟರ್‌ಮನ್ ಮತ್ತು ಫೆಶ್‌ಬಾಕ್ 1989ರಲ್ಲೇ ಪ್ರತ್ಯೇಕವಾಗಿ ಅಳೆದು ತೋರಿಸಿದ್ದರು. 2009ರಲ್ಲಿ ಆಗ್ನಿಯೆಷ್ಕಾ ಗೋಲೆಟ್ಸ್ ಡಿ ಜವಾಲಾ ಮತ್ತು ಸಂಗಡಿಗರು ಮೂರನೆಯದೊಂದನ್ನು ಹೆಸರಿಸಿದರು: ನಮ್ಮ ಹಿರಿಮೆಯನ್ನು ಜಗತ್ತು ಇನ್ನೂ ಒಪ್ಪಿಲ್ಲ ಎಂಬ ಸಾಮೂಹಿಕ ಕೊರಗು. ಸಣ್ಣ ಕೊಂಕಿಗೂ ಹಗೆ ಸಾಧಿಸುವುದು ಈ ಬಗೆಯವರು. ತಮ್ಮ ದೇಶವನ್ನು ಸುಮ್ಮನೆ ಪ್ರೀತಿಸುವವರಿಗೆ ಅಷ್ಟು ಬೇಗ ಗಾಯವಾಗುವುದಿಲ್ಲ.

ನಿಷೇಧದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಕೇಳುಗರನ್ನು ಹೆಚ್ಚಿಸುತ್ತದೆ. ಒಳಗಿನ ರಾಜಕೀಯಕ್ಕೆ ಮಾತ್ರ ಬಹಳ ಉಪಯೋಗ. ಇಟಲಿಯ ನಿರ್ದೇಶಕ ಆಂಟೋನಿಯೋನಿ ಚೀನಾ ಸರ್ಕಾರದ ಆಹ್ವಾನದ ಮೇಲೆಯೇ 1972ರಲ್ಲಿ ಅಲ್ಲಿ ಸಾಕ್ಷ್ಯಚಿತ್ರ ತೆಗೆದ. 1974ರ ಜನವರಿಯಲ್ಲಿ ‘ಪೀಪಲ್ಸ್ ಡೈಲಿ’ ಅದನ್ನು ಚೀನಾ ವಿರೋಧಿ ಎಂದು ಖಂಡಿಸಿತು. ಚಿತ್ರ ನೋಡಿರದ ಜನರೆಲ್ಲ ದೇಶದ ತುಂಬ ಖಂಡನಾ ಸಭೆಗಳಲ್ಲಿ ಕೂತರು. ಗುರಿ ಆ ನಿರ್ದೇಶಕನಲ್ಲ, ಅವನನ್ನು ಬರಮಾಡಿಕೊಂಡ ಪ್ರಧಾನಿ ಚೌ ಎನ್‌ಲಾಯ್ ಬಣ. ಚಿತ್ರ ಚೀನಾದಲ್ಲಿ ಸಾರ್ವಜನಿಕವಾಗಿ ತೆರೆ ಕಂಡದ್ದು 2004ರಲ್ಲಿ. ಕಜಕಿಸ್ತಾನದ ದಾರಿ ಬೇರೆಯಾಯಿತು. ಕಜಕ್ ಪತ್ರಕರ್ತನ ವೇಷದ ಹಾಸ್ಯಪಾತ್ರ ‘ಬೋರಾಟ್’ಗೆ 2005ರಲ್ಲಿ ಕಾನೂನು ಕ್ರಮದ ಬೆದರಿಕೆ, 2006ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಪುಟಗಟ್ಟಲೆ ಜಾಹೀರಾತು, 2012ರಲ್ಲಿ ವಿದೇಶಾಂಗ ಮಂತ್ರಿಯೇ ವೀಸಾ ಕೇಳುವವರು ಹತ್ತು ಪಟ್ಟಾದರು ಎಂದು ಧನ್ಯವಾದ ಹೇಳಿದರು, 2020ರಲ್ಲಿ ಆ ಪಾತ್ರದ ‘ವೆರಿ ನೈಸ್’ ಎಂಬ ಮಾತನ್ನೇ ಪ್ರವಾಸೋದ್ಯಮದ ಘೋಷಣೆ ಮಾಡಿಕೊಂಡರು. ಆ ಹಾಸ್ಯ ಕಜಕರ ನಿಜ ಬದುಕಿನ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಐದು ಭಾಗಗಳಲ್ಲಿ ಸಂಗತಿಯೇ ಸೊನ್ನೆ. ಅಂಥದ್ದಕ್ಕೆ ನಗುವೇ ಸರಿಯಾದ ಉತ್ತರ, ಹದಿನೈದು ವರ್ಷ ತಡವಾದರೂ. ಸಂಗತಿ ಇರುವ ಟೀಕೆಗೆ ನಕ್ಕರೆ ಮಾತ್ರ ಅದು ಜಾರಿಕೊಳ್ಳುವುದು.

ಇನ್ನು ಪರದೇಶವನ್ನು ಟೀಕಿಸಲು ಹೊರಡುವವರಿಗೆ. ‘ನಿಮ್ಮ ಜನವೇ ಹೀಗೆ’ ಎಂಬ ಮಾತು ಬಿಡಿ. ಊರು, ವರ್ಷ, ಇಲಾಖೆ ಹೆಸರಿಸಿ. ಅಲ್ಲಿಯವರೇ ಹೇಳಿದ್ದನ್ನು ಮುಂದಿಡಿ, ಅವರ ಹೆಸರು ಸಮೇತ, ಅದರಿಂದ ಅವರಿಗೆ ಅಪಾಯವಿಲ್ಲದಿದ್ದರೆ. ಅಳತೆಗೋಲು ನಿಮ್ಮ ದೇಶದ್ದಾಗದಿರಲಿ. ಅವರೇ ತಮಗೆ ಕೊಟ್ಟುಕೊಂಡ ಮಾತಾಗಿರಲಿ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ ಮಾಡಿದ್ದು ಇದನ್ನೇ. ಅಮೆರಿಕದ ವರ್ಣಸಮಸ್ಯೆಯ ಅಧ್ಯಯನಕ್ಕೆ ಕಾರ್ನೆಗಿ ಕಾರ್ಪೊರೇಷನ್ ಬೇಕೆಂದೇ ಹೊರಗಿನವನನ್ನು, ಅದೂ ಸಾಮ್ರಾಜ್ಯದ ಇತಿಹಾಸವಿಲ್ಲದ ಕಡೆಯವನನ್ನು ಹುಡುಕಿತು. 1944ರಲ್ಲಿ ಬಂದ ಗ್ರಂಥ ಅಮೆರಿಕನ್ನರನ್ನು ಯುರೋಪಿನ ಜತೆ ಹೋಲಿಸಲಿಲ್ಲ. ಎಲ್ಲರೂ ಸಮಾನರು ಎಂದು ನೀವೇ ನಂಬುತ್ತೀರಿ, ನಡೆದುಕೊಳ್ಳುವುದು ಹೀಗೆ ಎಂದಿತು. ಹತ್ತು ವರ್ಷದ ನಂತರ ಶಾಲೆಗಳ ಬಣ್ಣಭೇದದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ಆ ತೀರ್ಪಿನ ಅಡಿಟಿಪ್ಪಣಿಯಲ್ಲಿ ಅದರ ಹೆಸರಿತ್ತು.

ಆದರೆ ವಿಧಾನ ಸರಿಯಿದ್ದ ಮಾತ್ರಕ್ಕೆ ಮಾತು ಕಿವಿಗೆ ಬೀಳುತ್ತದೆ ಎಂದಿಲ್ಲ. 1916ರಲ್ಲಿ ರವೀಂದ್ರನಾಥ ಟಾಗೋರ್ ಜಪಾನಿಗೆ ಹೋದಾಗ ಸ್ವಾಗತಕ್ಕೆ ಜನಸಾಗರ. ಟೋಕಿಯೋದಲ್ಲಿ ಅವರು ಆ ದೇಶದ ಸೌಂದರ್ಯಪ್ರಜ್ಞೆಯನ್ನು ಮನತುಂಬಿ ಹೊಗಳಿದರು, ಯುರೋಪಿನ ರಾಷ್ಟ್ರವಾದವನ್ನು ಹಾಗೇ ಎತ್ತಿಕೊಳ್ಳಬೇಡಿ ಎಂದೂ ಎಚ್ಚರಿಸಿದರು. ಪತ್ರಿಕೆಗಳ ದನಿ ಬದಲಾಯಿತು. ಸೋತ ದೇಶದ ಕವಿಯ ಮಾತು ಎಂದರು. ಹೊರಡುವಾಗ ಬಂದಾಗಿನ ಸಂದಣಿ ಇರಲಿಲ್ಲ. ಇಪ್ಪತ್ತೆರಡು ವರ್ಷದ ನಂತರ, ಜಪಾನ್ ಚೀನಾದ ಮೇಲೆ ಯುದ್ಧ ನಡೆಸುತ್ತಿದ್ದಾಗ, ಅಲ್ಲಿಯ ಕವಿ ಯೋನೆ ನೊಗುಚಿ ಆ ಯುದ್ಧವನ್ನು ಸಮರ್ಥಿಸಿ ಟಾಗೋರರಿಗೆ ಪತ್ರ ಬರೆದರು. ಟಾಗೋರರು ಒಪ್ಪಲಿಲ್ಲ. ಕೊನೆಯಲ್ಲಿ, ತಾನು ಪ್ರೀತಿಸುವ ನಿಮ್ಮ ಜನಕ್ಕೆ ಗೆಲುವನ್ನಲ್ಲ, ಪಶ್ಚಾತ್ತಾಪವನ್ನು ಹಾರೈಸುತ್ತೇನೆ ಎಂದು ಬರೆದು ಮುಗಿಸಿದರು.